ಬೊಂಬಾಯಿಯಿಂದ ದುಬೈಗೆ ಮೂರು ತಾಸು

"ಯಾರು ಬೇಕಾಗಿತ್ರಿ?"

ಐದು ವರ್ಷಗಳ ನಂತರ ಕಾರಟಗಿಯ ತನ್ನದೇ ಮನೆಯ ಬಾಗಿಲಲ್ಲಿ ನಿಂತ ಪಂಪಣ್ಣನಿಗೆ ಹೆಂಡತಿ ಗಾಳೆಮ್ಮ ಕೇಳಿದ ಮೊದಲ ಮಾತು ಅದು!

ಅವನ ಕೈಯ ಸೂಟ್‌ಕೇಸ್ ನೆಲಕ್ಕಿಳಿಯಿತು.

"ಗಾಳೆವ್ವಾ... ಗುರ್ತು ಸಿಗಲಿಲ್ಲೇನ?"

ಸಿಗದೇ ಏನು? ಅವಳ ಸೋದರಮಾವ ಅವನು. ಹುಟ್ಟಿದಾಗಿನಿಂದ ಕಂಡ ಮುಖ. ಆದರೆ ಆ ಮುಖಕ್ಕಾಗಿ ಕಾಯುವುದನ್ನು ಬಿಟ್ಟು ಅವಳಿಗೆ ವರ್ಷವಾಗಿತ್ತು.

ರೈಸ್ ಮಿಲ್ಲಿನಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ ಪಂಪಣ್ಣ ಎಪ್ಪತ್ತೊಂಬತ್ತರಲ್ಲಿ ದುಬೈಗೆ ಹೊರಟಾಗ ಅವಳು ಬಸುರಿ. ಅಳುತ್ತಿದ್ದವಳ ಕಣ್ಣೊರೆಸಿ ಹೇಳಿದ್ದ:

"ಬೊಂಬಾಯಿಂದ ದುಬೈ ಎರಡು ಸಾವಿರ ಕಿಲೋಮೀಟರ್ ಇದ್ರೂ ವಿಮಾನದಾಗ ಮೂರಽ ತಾಸು. ನಮ್ಮೂರಿಂದ ಬೊಂಬಾಯಿಗೆ ಹೋಗೂದಽ ದೂರ! ನೀ ಕರದ್ರ ಬಂದೆ ಅಂತ ತಿಳಿ."

ಅವಳು ನಂಬಿದ್ದಳು. ಮಗಳು ಹಂಪವ್ವನಿಗೆ ಮೆದುಳು ಜ್ವರ ಬಂದಾಗ ಕರೆದೂ ಇದ್ದಳು. ಟೆಲಿಗ್ರಾಂಗೆ ಬಂದ ಉತ್ತರ ಒಂದೇ ಸಾಲು: ಕೆಲಸ ಬಹಳ ಇದೆ, ಬರಲಾಗುವುದಿಲ್ಲ.

"ಮೂರು ತಾಸು ಅಂದಿದ್ರಿ," ಗಾಳೆಮ್ಮ ಬಾಗಿಲಿಗೆ ಅಡ್ಡ ನಿಂತೇ ಅಂದಳು. "ಕೂಸು ವಾರಗಟ್ಲೆ ಜೀವ ಹಿಡಕೊಂಡಿತ್ತು. ನಿಮಗ ಕೆಲಸ ಹೆಚ್ಚಾತು!"

ಪಂಪಣ್ಣ ಹೊಸ್ತಿಲ ಹೊರಗೇ ಕುಸಿದು ಕುಳಿತ.

"ಪಾಸ್‌ಪೋರ್ಟ್ ಗುತ್ತಿಗೆದಾರ ಇಟ್ಕೊಂಡಿದ್ದ. ಕಾಲಿಗೆ ಬಿದ್ದೆ, ಕರಾರು ಮುಗಿಯೂತನಕ ಕೊಡೂದಿಲ್ಲ ಅಂದ. ವಿಮಾನ ನಿಲ್ದಾಣದ ತಂತಿಬೇಲಿ ಹಿಡಕೊಂಡು ನಿಂತೆ. ಬೊಂಬಾಯಿ ವಿಮಾನ ನನ್ನ ಕಣ್ಮುಂದಽ ಏರಿತು. ಈಗ ಸಮುದ್ರದ ಮ್ಯಾಲೆ ಇರಬೇಕು... ಈಗ ಇಳದಿರಬೇಕು... ಅನ್ಕೋತ ಅಲ್ಲೇ ನಿಂತಿದ್ದೆ."

"ಹಂಗಂತ ಯಾಕ ತಿಳಿಸಲಿಲ್ಲ?"

"ಅಲ್ಲಿ ಮಗಳು ಸಾಯಾಕ ಹತ್ಯಾಳ, ಇಲ್ಲಿ ಗಂಡ ಸೆರ್‍ಯಾಗ ಅದಾನ... ಎರಡೂ ಹೆಂಗ ತಡಕೋತಿ ಅನ್ನಿಸ್ತು."

ಗಾಳೆಮ್ಮ ಕಿಡಿಯಾದಳು.

"ಗಂಡ ಕಲ್ಲೆದಿಯಾಂವ ಅನ್ನೂದನ್ನ ತಡಕೋತಾಳ ಅನ್ಕೊಂಡ್ಯಾ? ಕೂಸಿನ್ನ ಮಣ್ಣು ಮಾಡಿ ಬಂದು ನಿನಗ ಶಾಪ ಹಾಕೀನಿ, ಮಾವಾ! ತಪ್ಪಿಲ್ಲದಾಂವಗ ಹಾಕೀನಿ! ಅದನ್ನ ಎಲ್ಲಿ ತೊಳಕೊಳ್ಳಲಿ ಈಗ?"



ನಿಜ ತಿಳಿದರೂ ಅವಳ ಎದೆ ಹಗುರಾಗಲಿಲ್ಲ. ಇಷ್ಟು ದಿನ ಆಸರೆಯಾಗಿದ್ದ ಸಿಟ್ಟೂ ಕೈಬಿಟ್ಟಿತ್ತು... ಇನ್ನು ಬರೀ ದುಃಖ. ಆ ದುಃಖಕ್ಕೆ ಪಾಲುದಾರ ಒಬ್ಬನೇ, ಹೊರಗೆ ಬಿಸಿಲಲ್ಲಿ ಕುಳಿತಿದ್ದ.

ಅವಳು ಹೊಸ್ತಿಲು ದಾಟಿ ಪಕ್ಕದಲ್ಲಿ ಕುಳಿತಳು.

ಅವನು ಕೇಳಿದ: "ಆಕಿ... ಯಾರಂಗಿದ್ಲು?"

"ಹುಬ್ಬು ನಿನ್ನವು. ಹಟ ನಂದು."

"ಇನ್ನಷ್ಟು ಹೇಳು..."

ಗಾಳೆಮ್ಮ ಅವನ ಒರಟು ಕೈ ಹಿಡಿದುಕೊಂಡಳು.

"ಹೇಳ್ತೀನಿ, ಮಾವಾ. ಎಲ್ಲಾ ಹೇಳ್ತೀನಿ... ನೀ ಒಳಗ ಬಾ."