ಬ್ರೆಡ್ ಕವರಿನ ಹಾಡು

"ಏ ಟ್ವೈಲಾ, ಕಾಲು ತೋರ್ಸೇ! ಇವತ್ತು ಯಾವ ಬ್ರೆಡ್ ಕವರು?"

ಡ್ವೇನ್ ಹಿಂದಿನ ಸೀಟಿನಿಂದ ಕೂಗಿದ್ದೇ ತಡ, ಬಸ್ಸಿಗೆ ಬಸ್ಸೇ ನಕ್ಕಿತು. ಟ್ವೈಲಾ ತನ್ನ ಹೊಸ ಶೂಗಳನ್ನು ಸೀಟಿನ ಕೆಳಗೆ ಎಳೆದುಕೊಂಡಳು. ಕಿವಿ ಸುಡುತ್ತಿತ್ತು.

ಸ್ಕೂಲ್ ಬಸ್ಸಿನ ರೇಡಿಯೋದಲ್ಲಿ ಅಮ್ಮ ಹಾಡುತ್ತಿದ್ದಳು.

'ಹಿಮದಲಿ ನಡೆದಳು ನನ್ನ ಮಗಳು,
ಹರಕು ಬೂಟಿಗೆ ಬ್ರೆಡ್ಡಿನ ಕವರು...'

ಎರಡು ಚಳಿಗಾಲದ ಹಿಂದೆ ಅಮ್ಮ ಊರಿನ ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಶನಿವಾರ ಫೈರ್ ಸ್ಟೇಷನ್ನಿನಲ್ಲಿ ಊರವರಿಗೆಲ್ಲ ಹಾಕುವ ಊಟಕ್ಕೆ ಹೋಗಿ ಹಾಡಿದರೆ ಹುರುಳಿಕಾಯಿ, ಜೋಳದ ಬ್ರೆಡ್ಡು ಕಟ್ಟಿಕೊಡುತ್ತಿದ್ದರು. ಈಗ ಕೆಂಟಕಿಯಿಂದ ಟೆಕ್ಸಸ್‌ವರೆಗೆ ಯಾವ ರೇಡಿಯೋ ಹಾಕಿದರೂ ಅವಳದೇ ದನಿ. ಟ್ವೈಲಾ ಅಜ್ಜಿಯ ಜೊತೆ ಊರಲ್ಲೇ ಇದ್ದಳು. ಇವತ್ತು ಸಂಜೆ ಅಮ್ಮ ಹಾಡುಗಾರರ ಊರಾದ ನ್ಯಾಶ್‌ವಿಲ್‌ನಿಂದ ಬಂದು ಇವಳ ಸ್ಕೂಲಿನ ಜಿಮ್ಮಿನಲ್ಲೇ, ಆ ದೊಡ್ಡ ಆಟದ ಹಾಲಿನಲ್ಲೇ, ಹಾಡಲಿದ್ದಳು.

ಸಂಜೆ ಜಿಮ್ಮಿನ ಪಕ್ಕದ, ಮಕ್ಕಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಮ್ಮ ಗಿಟಾರಿನ ತಂತಿ ಬಿಗಿಮಾಡುತ್ತಿದ್ದಳು.

"ಅಮ್ಮಾ, ಆ ಹಾಡು ಬೇಡ."

"ಯಾವುದು ಚಿನ್ನ?"

"ಬ್ರೆಡ್ ಕವರಿಂದು. ಎಲ್ಲಾರೂ ನನ್ನ ಕಾಲೇ ನೋಡ್ತಾರೆ."

ಅಮ್ಮ ನಕ್ಕಳು. "ಈ ಊರಲ್ಲಿ ಯಾರು ಹಾಕ್ಕೊಂಡಿಲ್ಲ ಹೇಳು?"

"ಹಾಕ್ಕೋತಾರೆ. ಆದ್ರೆ ರೇಡಿಯೋದಲ್ಲಿ ಹೇಳಲ್ಲ!"

ಅಮ್ಮನ ಕೈ ನಿಂತಿತು. ಗಿಟಾರನ್ನು ಪಕ್ಕಕ್ಕಿಟ್ಟು, "ಸರಿ ಕಣೇ" ಎಂದಳು.

ಆದರೆ ಸ್ಟೇಜಿಗೆ ಬಂದ ಅಮ್ಮನನ್ನು ಜನ ಬಿಡಬೇಕಲ್ಲ! "ಬ್ರೆಡ್ ಕವರ್! ಬ್ರೆಡ್ ಕವರ್!" ಎಂದು ಕಾಲು ಕುಟ್ಟತೊಡಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಡ್ವೇನೇ. ಅಮ್ಮ ಮುಂದಿನ ಸಾಲಿನಲ್ಲಿದ್ದ ಟ್ವೈಲಾಳನ್ನು ಒಮ್ಮೆ ನೋಡಿದಳು. ಆಮೇಲೆ ಶುರುಮಾಡಿದಳು.

'ನನ್ನ ಮಗಳು' ಎಂದು ಇಡೀ ಜಿಮ್ಮು ಹಾಡಿತು. ಅಮ್ಮ ಮಾತ್ರ ಬೇರೆ ಹಾಡಿದಳು.

'ಹಿಮದಲಿ ನಡೆದೆನು ನಾನೇ ನಾನು...'

ಸುಳ್ಳು, ಅಂದುಕೊಂಡಳು ಟ್ವೈಲಾ. ಆ ಚಳಿಗಾಲ ಅಮ್ಮನಿಗೆ ಬೂಟೇ ಇರಲಿಲ್ಲವಲ್ಲ.

ಇರಲಿಲ್ಲ, ಯಾಕೆಂದರೆ ಅಮ್ಮನ ಬೂಟು ಟ್ವೈಲಾಳ ಕಾಲಲ್ಲಿತ್ತು. ದೊಡ್ಡದಾಗುತ್ತದೆಂದು ಅಮ್ಮನೇ ಒಳಗೆ ಪೇಪರ್ ತುರುಕಿ, ಹರಕಿನಿಂದ ಹಿಮದ ನೀರು ತಾಗದಂತೆ ಪಾದಕ್ಕೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರು ತೊಡಿಸಿ, ಲೇಸನ್ನು ಕಾಲಿಗೆ ಸುತ್ತಿ ಕಟ್ಟುತ್ತಿದ್ದಳು. ಆಮೇಲೆ ತಾನು ಬಟ್ಟೆಯ ಶೂನಲ್ಲಿ ಫ್ಯಾಕ್ಟರಿಗೆ ಹೊರಡುತ್ತಿದ್ದಳು. ಸಂಜೆ ಬಂದು ಕೆಂಪಾದ ಪಾದಗಳನ್ನು ಒಲೆಯ ಮುಂದೆ ಚಾಚಿಕೊಂಡು ಏನೋ ಗುನುಗುತ್ತಿದ್ದಳು.

ಅದನ್ನು ಅವಳು ಯಾವ ಹಾಡಿನಲ್ಲೂ ಹೇಳಿರಲಿಲ್ಲ.

ಟ್ವೈಲಾಳಿಗೆ ತಲೆ ಎತ್ತಲಾಗಲಿಲ್ಲ.

ಆ ಸಾಲು ಇನ್ನೊಮ್ಮೆ ಬರುವುದರಲ್ಲಿತ್ತು. ಅವಳು ಕುರ್ಚಿಯ ಕೆಳಗಿಂದ ಕಾಲುಗಳನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು. ಅಮ್ಮನನ್ನು ನೋಡಿ, 'ನನ್ನ ಮಗಳು' ಎಂದೇ ಹಾಡು ಎಂಬಂತೆ ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು.