ಏಳನೆಯ ಪ್ಯಾಚ್

“ನೀವು ನನಗೆ ಹೇಳಲೇ ಇಲ್ಲ.”

ಹಿಂದಿನ ಸಾಲಿನಿಂದ ಬಂದ ಆ ಮಾತಿಗೆ ವೇದಿಕೆಯ ಮೇಲಿದ್ದ ಐಲಾ ಕೊಸ್ಕಿಯ ಕೈ ನೀರಿನ ಬಾಟಲಿಯ ಮೇಲೆಯೇ ನಿಂತುಬಿಟ್ಟಿತು.

ಮಾಂಟ್ರಿಯಲ್‌ನ ಹೋಟೆಲೊಂದರಲ್ಲಿ ಫೆಬ್ರವರಿ ತಿಂಗಳ ಸಮ್ಮೇಳನ. ಬಂದಿದ್ದ ಇನ್ನೂರು ಜನರ ಕಸುಬು ಒಂದೇ... ಬೇರೆಯವರು ಬರೆದ ಪ್ರೋಗ್ರಾಂಗಳಲ್ಲಿ ಕಳ್ಳ ನುಗ್ಗಬಹುದಾದ ತೂತು ಹುಡುಕುವುದು. ಐಲಾ ತಾನು ಕಂಡುಹಿಡಿದು, ಎರಡು ವಾರದ ಹಿಂದೆಯೇ ಅಂತರ್ಜಾಲದಲ್ಲಿ ಬಯಲು ಮಾಡಿದ್ದ ತೂತಿನ ಬಗ್ಗೆ ಆಗಷ್ಟೇ ಮಾತು ಮುಗಿಸಿದ್ದಳು. ತೂತಿದ್ದದ್ದು ಸಣ್ಣ ಊರುಗಳ ನೀರಿನ ಪಂಪುಗಳನ್ನು ದೂರದಿಂದಲೇ ನಡೆಸುವ ಒಂದು ಪುಕ್ಕಟೆ ಪ್ರೋಗ್ರಾಂನಲ್ಲಿ. ನಲವತ್ತು ಊರುಗಳು ಅದನ್ನು ನಂಬಿಕೊಂಡಿದ್ದವು. ಬರೆದವನು ಮಾತ್ರ ಒಬ್ಬನೇ.

ಆ ಒಬ್ಬ ಈಗ ಎದ್ದು ನಿಂತಿದ್ದ. ಲೂಸಿಯನ್ ಡೂಸೆಟ್. ನ್ಯೂ ಬ್ರನ್ಸ್‌ವಿಕ್‌ನ ಕಡಲಂಚಿನ ಒಂದು ಸಣ್ಣ ಊರಿನ ನೀರು ಸರಬರಾಜು ಕಚೇರಿಯ ನೌಕರ.

“ನಾಲ್ಕು ಸಲ ಬರೆದಿದ್ದೇನೆ,” ಎಂದಳು ಐಲಾ. “ತೊಂಬತ್ತು ದಿನ ಕಾದಿದ್ದೇನೆ. ನೀವು ಒಂದಕ್ಕೂ ಉತ್ತರ ಕೊಡಲಿಲ್ಲ.”

“ಒಂದೂ ಬಂದಿಲ್ಲ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಸಿಕ್ಕಿಬಿದ್ದವರೆಲ್ಲ ಹೇಳುವ ಮಾತೇ ಅದು, ಇವರ ಕಿವಿಗೆ ಹೊಸದೇನಲ್ಲ. ಲೂಸಿಯನ್ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮೈಕನ್ನು ಪಕ್ಕದವರಿಗೆ ಕೊಟ್ಟು ಹೊರಗೆ ನಡೆದ. ಅವನ ಬಲಗೈಯ ಎರಡು ಬೆರಳಿಗೆ ಬಿಳಿ ಪಟ್ಟಿ ಸುತ್ತಿದ್ದದ್ದು ಆಗ ಐಲಾಳ ಕಣ್ಣಿಗೆ ಬಿತ್ತು.

ಈ ಕಸುಬಿನಲ್ಲಿ ಒಂದು ಮರ್ಯಾದೆಯಿದೆ. ತೂತು ಕಂಡವರು ಮೊದಲು ಬರೆದವನಿಗೆ ಗುಟ್ಟಾಗಿ ತಿಳಿಸಬೇಕು. ತೊಂಬತ್ತು ದಿನ ಕಾಯಬೇಕು. ಆಮೇಲೂ ಅವನು ಮಿಸುಕದಿದ್ದರೆ ಮಾತ್ರ ಊರಿಗೆಲ್ಲ ಹೇಳಬಹುದು. ಐಲಾ ಆ ಮರ್ಯಾದೆಯನ್ನು ಒಂದು ದಿನವೂ ಮೀರಿರಲಿಲ್ಲ. ಹಾಗಿದ್ದರೂ ಆ ಬೆರಳುಗಳು ಅವಳನ್ನು ಸುಮ್ಮನೆ ಬಿಡಲಿಲ್ಲ. ಸಭೆಯ ಗದ್ದಲ ನಿಲ್ಲುವ ಮೊದಲೇ ಅವನ ಹಿಂದೆ ಓಡಿದಳು.

ಕಾಫಿ ಕೋಣೆಯ ಮೂಲೆಯಲ್ಲಿ ಅವನು ಒಬ್ಬನೇ ಕುಳಿತಿದ್ದ. ಅವಳು ಕೇಳಿದ್ದಕ್ಕೆ ಹೇಳಿದ, ಅಷ್ಟೇ. ಅವಳು ತೂತನ್ನು ಬಯಲು ಮಾಡಿದ ದಿನವೇ ನಲವತ್ತು ಊರುಗಳೂ ಪಂಪುಗಳ ಸಂಪರ್ಕ ಕಿತ್ತುಹಾಕಿದ್ದವು. ಅಂದಿನಿಂದ ಎಲ್ಲವೂ ಕೈಯಲ್ಲೇ. ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಗುಂಡಿಗಿಳಿದು ಕಬ್ಬಿಣದ ವಾಲ್ವು ತಿರುಗಿಸುವುದು. ಅವನೂ, ಅರವತ್ತಮೂರರ ಆಲ್ಸಿಡ್ ಎಂಬ ಸಹೋದ್ಯೋಗಿಯೂ ಪಾಳಿ ಹಂಚಿಕೊಂಡಿದ್ದರು. ಬೆರಳಿನ ಚರ್ಮ ಚಳಿಗೆ ಸುಟ್ಟುಹೋಗಿತ್ತು.

ಐಲಾ ತನ್ನ ಲ್ಯಾಪ್‌ಟಾಪ್ ತೆರೆದು ನಾಲ್ಕು ಪತ್ರಗಳನ್ನೂ ತೋರಿಸಿದಳು. ಲೂಸಿಯನ್ ಹುಬ್ಬು ಗಂಟಿಕ್ಕಿ ಓದಿದ. ಆಮೇಲೆ ಮೆಲ್ಲನೆ ಕೇಳಿದ.

“ಪ್ರತಿ ಪತ್ರದ ಜೊತೆಗೂ ಆ ತೂತಿನಲ್ಲಿ ನುಗ್ಗೋ ಪ್ರೋಗ್ರಾಂ ಇಟ್ಟು ಕಳಿಸಿದ್ರಾ?”

“ಹೌದು... ಸಾಕ್ಷಿಗೆ.”

“ನನ್ನ ಮೇಲ್ ಕಾವಲನ್ನು ನಾನೇ ಬರೆದದ್ದು. ಅಂಥ ಫೈಲ್ ಕಂಡ್ರೆ ಪತ್ರಾನೇ ಸುಟ್ಟುಹಾಕುತ್ತೆ. ನನಗೂ ಹೇಳಲ್ಲ.”

ಕಳ್ಳ ಬರುವ ದಾರಿ ತೋರಿಸಲು ಬಂದವಳನ್ನೇ ಬಾಗಿಲಲ್ಲಿ ಕಳ್ಳಿಯೆಂದು ತಳ್ಳಿದಂತಾಗಿತ್ತು. ಮೊದಲ ಪತ್ರ ಬರೀ ಪತ್ರವಾಗಿರಬೇಕು, ಸಾಕ್ಷಿ ಆಮೇಲೆ... ಈ ಕಸುಬಿಗೆ ನಿನ್ನೆ ಬಂದವರಿಗೂ ಗೊತ್ತಿರುವ ಮಾತು. ಐಲಾಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಎರಡು ವರ್ಷದಿಂದ ಅವಳು ಇವನ ಕೋಡ್ ಓದುತ್ತಿದ್ದಳು. ನಡುವೆ ನಡುವೆ ಅವನು ಬರೆದಿಟ್ಟ ಟಿಪ್ಪಣಿಗಳನ್ನೂ. ‘ಈ ಸಾಲು ಯಾಕಿದೆ ಅಂತ ನನಗೂ ಮರೆತಿದೆ. ತೆಗೆದರೆ ಪಂಪು ಅಳುತ್ತೆ.’ ಥಂಡರ್ ಬೇ ಊರಿನ ತನ್ನ ಮಹಡಿಯ ಕೋಣೆಯಲ್ಲಿ ಅವಳು ಒಬ್ಬಳೇ ನಕ್ಕಿದ್ದಳು. ವಾರವಿಡೀ ಅವಳನ್ನು ನಗಿಸಿದವರು ಬೇರೆ ಯಾರೂ ಇರಲಿಲ್ಲ. ತನ್ನ ಕೆಲಸವನ್ನು ಅವನು ಮೊದಲ ನೋಟದಲ್ಲೇ ಮೆಚ್ಚಲಿ ಎಂಬ ಆಸೆ! ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಕಳಿಸಿದ್ದು.

ಅದನ್ನೆಲ್ಲ ಅವನಿಗೆ ಹೇಳುವುದುಂಟೇ? ತಪ್ಪು ನನ್ನದು, ಸರಿಪಡಿಸಲು ನಾನೂ ಸೇರುತ್ತೇನೆ ಎಂದಷ್ಟೇ ಹೇಳಿದಳು.

ಲೂಸಿಯನ್ ಆಗಲೇ ಒಂದು ಪ್ಯಾಚ್ ಬರೆದು ತಂದಿದ್ದ. ತೂತಿಗೆ ಹಾಕುವ ತೇಪೆ. ಗಟ್ಟಿಯಿದೆಯೇ ಎಂದು ನೋಡಲು ಹೋಗಿ ಅವಳು ಅದನ್ನು ಇಪ್ಪತ್ತೇ ನಿಮಿಷದಲ್ಲಿ ಒಡೆದಳು.

ಅವನು ಪರದೆಯನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. “ಮನೇಲಿ ಪಾತ್ರೆಗಳು ಒಡೆಯದೆ ಉಳಿದಿವೆಯಾ ನಿಮ್ಮ ಕೈಲಿ?”

ಐಲಾ ನಕ್ಕುಬಿಟ್ಟಳು. ಮನುಷ್ಯರ ಎದುರು ಕುಳಿತು ನಕ್ಕು ಎಷ್ಟು ದಿನವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಸಮ್ಮೇಳನ ಮುಗಿದು ಅವನು ಪೂರ್ವಕ್ಕೆ ಹೋದ, ಅವಳು ಪಶ್ಚಿಮಕ್ಕೆ. ಆದರೆ ಕೆಲಸ ನಿಲ್ಲಲಿಲ್ಲ. ಅವನು ಪ್ಯಾಚ್ ಬರೆದು ಕಳಿಸುವುದು, ಅವಳು ಒಡೆಯುವುದು. ‘ಒಡೆದೆ’ ಎಂದು ಇವಳು ಬರೆದರೆ ‘ಗೊತ್ತಿತ್ತು’ ಎಂದು ಅವನ ಉತ್ತರ. ಎರಡನೆಯದು, ಮೂರನೆಯದು, ನಾಲ್ಕನೆಯದು... ಪ್ರತಿಯೊಂದರ ಜೊತೆಗೂ ಪತ್ರ ಉದ್ದವಾಗುತ್ತಾ ಹೋಯಿತು. ಅಮ್ಮನ ಕೈಯ ಕೋಳಿ ಸಾರನ್ನು ತಾನು ಮಾಡಲು ಹೋಗಿ ತಳ ಹಿಡಿಸಿದ ಕಥೆ ಅವನು ಬರೆದ. ಶನಿವಾರ ಸೌನಾ ಎಂಬ ಬಿಸಿಹಬೆ ಕೋಣೆಯಲ್ಲಿ ಬೇರೆ ಹೆಂಗಸರು ಹರಟುವಾಗ ತಾನು ಕಲ್ಲಿನಂತೆ ಕೂತಿರುತ್ತೇನೆಂದು ಇವಳು ಬರೆದಳು. ಆರನೆಯ ಪ್ಯಾಚ್ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿತ್ತು. ಯಾರು ಮೊದಲು ಬದಲಿಸಿದರೋ, ಇಬ್ಬರೂ ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಏಳನೆಯದು ಬಂತು.

ಐಲಾ ಬೆಳಗಿನಿಂದ ಸಂಜೆಯವರೆಗೆ ಬಡಿದಳು. ಗೊತ್ತಿರುವ ವಿದ್ಯೆಯೆಲ್ಲ ಖರ್ಚಾಯಿತು. ಅದು ಅಲುಗಲಿಲ್ಲ. ಎಂಥ ಚೆಂದದ ಕೆಲಸ! ‘ಗಟ್ಟಿಯಾಗಿದೆ, ಬಿಡುಗಡೆ ಮಾಡು’ ಎಂದು ಬರೆಯಲು ಕುಳಿತವಳ ಬೆರಳು ನಿಂತಿತು.

‘ಇದನ್ನು ಕಳಿಸಿದರೆ ಮುಗಿಯಿತು. ನಾಳೆಯಿಂದ ಅವನು ನನಗೆ ಯಾಕೆ ಬರೆಯುತ್ತಾನೆ?’

ಬರೆದದ್ದನ್ನು ಅಳಿಸಿದಳು. ‘ಇನ್ನೊಂದು ಅನುಮಾನ ಇದೆ. ನೋಡ್ತಿದ್ದೀನಿ’ ಎಂದು ಕಳಿಸಿದಳು.

ಒಂದೇ ದಿನ ಎಂದುಕೊಂಡಿದ್ದಳು. ಮರುದಿನ ಬಂದ ಅವನ ಪತ್ರ ಮೂರು ಪುಟವಿತ್ತು. ಎರಡನೆಯ ದಿನವೂ ಅದೇ ಸುಳ್ಳು. ಮೂರನೆಯ ದಿನ ಮಧ್ಯಾಹ್ನ ಅವನ ಪತ್ರ ಬಂದಾಗ ಮೈಯೆಲ್ಲ ಬೆಚ್ಚಗಾಗಿ, ಬ್ರೆಡ್ಡಿನ ತುಂಡನ್ನು ತಟ್ಟೆಗೆ ಬಿಟ್ಟು ಓದಲು ಕುಳಿತಳು.

‘ಇವತ್ತು ಚುಟುಕಾಗಿ ಬರೀತೀನಿ. ನನ್ನ ಬೆರಳು ನೋಯ್ತಿದೆ ಅಂತ ಬೆಳಗ್ಗೆ ಆಲ್ಸಿಡ್ ನನ್ನ ಬದಲು ಗುಂಡಿಗೆ ಇಳಿದ. ಜಾರಿಬಿದ್ದು ಮಣಿಕಟ್ಟು ಮುರೀತು. ಆಸ್ಪತ್ರೇಲಿ ಇದ್ದೀವಿ. ನೀನು ಅವಸರ ಮಾಡ್ಬೇಡ, ಐಲಾ. ನಿನ್ನ ಅನುಮಾನ ಪೂರ್ತಿ ತೀರಲಿ. ನಿನ್ನ ಮೇಲೆ ನಂಬಿಕೆ ಇದೆ.’

ಅವಳು ತಟ್ಟೆಯನ್ನು ದೂರ ಸರಿಸಿದಳು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಲವತ್ತು ಊರುಗಳ ಜನ ಹಿಮದಲ್ಲಿ ನಿಂತು ವಾಲ್ವು ತಿರುಗಿಸುತ್ತಿದ್ದಾಗ ನಾನು ಇಲ್ಲಿ ಹೀಟರ್ ಪಕ್ಕ ಕುಳಿತು ಪ್ರೇಮಪತ್ರ ಓದಿದ ಹಾಗೆ ಓದುತ್ತಿದ್ದೆ...

ಮೊದಲು ಒಂದು ಸಾಲು ಕಳಿಸಿದಳು. ‘ಏಳನೆಯದು ಗಟ್ಟಿಯಾಗಿದೆ. ಈಗಲೇ ಬಿಡುಗಡೆ ಮಾಡು.’ ಹತ್ತು ನಿಮಿಷದಲ್ಲಿ ಅದು ಊರೂರಿಗೆ ಹೊರಟಿತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವನಂತೂ ಥ್ಯಾಂಕ್ಸ್ ಎಂದು ಬರೆಯುತ್ತಿದ್ದ. ಅದನ್ನು ನೆನೆದೇ ಅವಳಿಗೆ ಅಳು ಬಂತು. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಉಳಿಯುತ್ತಾನೆ, ಆದರೆ ಯಾರ ಜೊತೆಗೆ? ಇಲ್ಲದ ಒಬ್ಬ ಒಳ್ಳೆಯ ಹುಡುಗಿಯ ಜೊತೆಗೆ.

ಪ್ರೀತಿಯ ಪತ್ರ ಹೇಗೆ ಬರೆಯುವುದೋ ಅವಳಿಗೆ ತಿಳಿಯದು. ಗೊತ್ತಿದ್ದ ಒಂದೇ ರೀತಿಯಲ್ಲಿ ಬರೆದಳು.

‘ದೋಷ ಇರುವುದು: ಐಲಾ ಕೊಸ್ಕಿಯಲ್ಲಿ.
ಕಂಡುಹಿಡಿದವರು: ಅವಳೇ.
ವಿವರ: ಏಳನೆಯ ಪ್ಯಾಚ್ ಗಟ್ಟಿಯಾಗಿದೆಯೆಂದು ಸೋಮವಾರ ಸಂಜೆಯೇ ಗೊತ್ತಿತ್ತು. ಗುರುವಾರದವರೆಗೆ ಸುಳ್ಳು ಹೇಳಿ ತಡೆದಿಟ್ಟಳು.
ಕಾರಣ: ಕೆಲಸ ಮುಗಿದರೆ ನಿನ್ನ ಪತ್ರ ನಿಲ್ಲುತ್ತದೆಂಬ ಭಯ.
ಪರಿಣಾಮ: ಆಲ್ಸಿಡ್ ಅವರ ಮಣಿಕಟ್ಟು. ನಿನ್ನ ನಂಬಿಕೆ.
ಪರಿಹಾರ: ಗೊತ್ತಿಲ್ಲ.’

ಸಂಜೆಯ ಹೊತ್ತಿಗೆ ಉತ್ತರ ಬಂತು. ಎರಡೇ ಪದ.

‘ವರದಿ ತಲುಪಿದೆ.’

ಆಮೇಲೆ ಏನೂ ಇಲ್ಲ.

ಮಾರ್ಚ್ ಕಳೆಯಿತು. ಐಲಾ ಆಲ್ಸಿಡ್‌ಗೆ ಕ್ಷಮೆ ಕೇಳಿ ಕಾಗದದ ಮೇಲೆ ಪತ್ರ ಬರೆದು ಅಂಚೆಗೆ ಹಾಕಿದಳು. ಬೇರೆಯವರ ಪ್ರೋಗ್ರಾಂಗಳನ್ನು ಒಡೆದಳು, ವರದಿ ಬರೆದಳು, ಅಂಗಡಿಗೆ ಹೋಗಿ ಹಾಲು ತಂದಳು. ಒಂಟಿತನ ಅವಳಿಗೆ ಹಳೆಯ ನೆಂಟ. ಆದರೆ ಮೊದಲಿದ್ದದ್ದು ಯಾರೂ ಇಲ್ಲ ಎನ್ನುವ ಒಂಟಿತನ. ಈಗಿನದು ಅವನಿಲ್ಲ ಎನ್ನುವುದು. ಇದು ಬಹಳ ನೋಯಿಸುತ್ತಿತ್ತು. ಅವನನ್ನು ದೂರಲು ಅವಳಿಗೆ ಒಂದು ನೆಪವೂ ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಏಪ್ರಿಲ್ ಕೊನೆಯ ವಾರ, ಬಂದರಿನ ಹಿಮ ಬಿರಿಯತೊಡಗಿದ್ದ ಒಂದು ಮಧ್ಯಾಹ್ನ, ಯಾರೋ ಬಾಗಿಲು ತಟ್ಟಿದರು.

ಲೂಸಿಯನ್ ನಿಂತಿದ್ದ.

ಪಟ್ಟಿ ಹೋಗಿತ್ತು. ಆ ಎರಡು ಬೆರಳ ತುದಿ ಇನ್ನೂ ಗುಲಾಬಿಯಾಗಿತ್ತು. ಐಲಾ ಬಾಗಿಲು ಹಿಡಿದೇ ನಿಂತಳು. ಒಳಗೆ ಬಾ ಎನ್ನಲೂ ತೋಚಲಿಲ್ಲ.

“ಕೆನೋರಾದ ನೀರಿನ ಕಚೇರಿಯವರಿಗೆ ಹೊಸ ಪ್ರೋಗ್ರಾಂ ಕಲಿಸೋಕೆ ಹೋಗ್ತಿದ್ದೆ,” ಎಂದ ಅವನು. “ದಾರೀಲಿ ನಿಮ್ಮೂರು ಸಿಕ್ತು.”

“ಇಲ್ಲಿಂದ ಅಲ್ಲಿಗೆ ಆರು ಗಂಟೆ ದಾರಿ. ವಿನ್ನಿಪೆಗ್‌ನಲ್ಲಿ ವಿಮಾನ ಇಳಿದಿದ್ರೆ ಎರಡೇ ಗಂಟೆ.”

“ಸರಿ. ದಾರೀಲಿ ಸಿಗಲಿಲ್ಲ.”

“ಆಲ್ಸಿಡ್ ಹೇಗಿದ್ದಾರೆ?”

ಮಣಿಕಟ್ಟು ಕೂಡಿಕೊಂಡಿದೆ ಎಂದ. ಅವಳ ಕಾಗದವನ್ನು ಆಲ್ಸಿಡ್ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನಂತೆ. ಕಚೇರಿಗೆ ಬಂದವರಿಗೆಲ್ಲ ತೋರಿಸುತ್ತಾನಂತೆ.

“ನಾನೂ ನಿನ್ನ ವರದಿ ಅವನಿಗೆ ತೋರಿಸ್ದೆ. ಓದಿ ಏನಂದ ಗೊತ್ತಾ? ತನ್ನ ತಪ್ಪನ್ನ ದಿನದ ಲೆಕ್ಕ ಸಮೇತ ಬರೆದು ಕೊಡೋ ಹೆಂಗಸನ್ನ ಕಂಡ್ರೆ ಹೆದರ್ಬೇಕು, ಇಲ್ಲಾ ಮದುವೆ ಆಗ್ಬೇಕು ಅಂದ.”

“ನೀನು... ಯಾವುದಕ್ಕೆ ಬಂದೆ?”

“ಎರಡು ತಿಂಗಳು ಹೆದರಿದ್ದಾಯ್ತು.”

ಐಲಾ ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. “ಲೂಸಿಯನ್, ನಾನು ಮಾಡಿದ್ದು ಸಣ್ಣ ತಪ್ಪಲ್ಲ.”

“ಅಲ್ಲ. ತುಂಬಾ ಕೋಪ ಬಂತು. ಇನ್ನೂ ಸ್ವಲ್ಪ ಇದೆ. ಉತ್ತರ ಬರೆಯೋಕೆ ಕೂತಾಗಲೆಲ್ಲ ಬರೀ ಬೈಗುಳ ಬರ್ತಿತ್ತು, ಅದಕ್ಕೇ ಬರೀಲಿಲ್ಲ.” ಅವನು ತಲೆ ತಗ್ಗಿಸಿದ. “ಆಮೇಲೆ ಒಂದು ದಿನ ಗಂಜಿ ತಳ ಹಿಡೀತು. ತಕ್ಷಣ ನಿನಗೆ ಹೇಳೋಣ ಅನ್ನಿಸ್ತು. ಕೋಪ ಇದ್ದಾಗಲೂ ಹೇಳೋಕೆ ನೀನೇ ಬೇಕು ಅನ್ನಿಸಿದ್ರೆ ನಾನೇನು ಮಾಡ್ಲಿ?”

ಎರಡು ವರ್ಷದಿಂದ ಒಳಗೇ ಇದ್ದದ್ದನ್ನು ಈಗ ಹೇಳದಿದ್ದರೆ ಎಂದಿಗೂ ಹೇಳಲಾರೆ ಎಂದು ಐಲಾಳಿಗೆ ತಿಳಿಯಿತು.

“ನಾನು ನಿನ್ನ ಪ್ರೀತಿಸ್ತೀನಿ. ನಿನ್ನ ಮುಖ ನೋಡೋಕಿಂತ ಮುಂಚಿನಿಂದಲೂ. ಹೇಳೋಕೆ ಬರಲಿಲ್ಲ, ಕದ್ದುಕೊಂಡೆ. ಮೂರು ದಿನ ಕದ್ದೆ.”

ಲೂಸಿಯನ್ ಆ ಗುಲಾಬಿ ಬೆರಳುಗಳಿಂದಲೇ ಅವಳ ಕೆನ್ನೆ ಒರೆಸಿದ. ಅವು ಒರಟಾಗಿದ್ದವು, ಬೆಚ್ಚಗಿದ್ದವು.

“ಇನ್ನು ಮೇಲೆ ಕದಿಯಬೇಡ. ಬೇಕಾದ್ರೆ ಕೇಳು.”

“ಏನು ಕೇಳಲಿ?”

“ಇರು ಅಂತ ಕೇಳು.”

ಐಲಾ ಬಾಗಿಲನ್ನು ಪೂರ್ತಿ ತೆರೆದಳು.

“ಇರು.”

“ಆಯ್ತು,” ಎಂದ ಅವನು, ಬೂಟು ಬಿಚ್ಚಲು ಬಗ್ಗುತ್ತಾ.