ಉರುಳೆಯ ಮುಂದಿನ ಜಾಲರಿ

"ಅಯ್ಯೋ, ಇದು ಊರುಗೋಲಲ್ಲ!"

ತನ್ನಷ್ಟಕ್ಕೇ ಅಂದುಕೊಂಡ ಕತ್ರಿಯ ಕೈಯಲ್ಲಿ ಕಟ್ಟರ್ ಹಾಗೇ ನಿಂತಿತು. ಆದರೆ ಹೊತ್ತು ಮೀರಿತ್ತು. ಬೆಂಕಿಕಡ್ಡಿಗಿಂತ ಸಣ್ಣ ಬೂದು ಕಡ್ಡಿಗಳು ಮೇಜಿನ ತುಂಬ ಚೆಲ್ಲಾಡಿದ್ದವು.

ಅವಳ ನಿಜವಾದ ಹೆಸರು ಇದ್ದದ್ದು ಶಾಲೆಯ ಹಾಜರಿಯಲ್ಲಿ ಮಾತ್ರ. ಮನೆಯವರಿಗೆಲ್ಲ ಅವಳು ಕತ್ರಿ. ನನ್ನ ಕೋಣೆಯಲ್ಲಿ ಕತ್ತರಿಸುವ ಕೆಲಸ ಮಾಡ್ತಾಳೆ, ಅದಕ್ಕೇ ಆ ಹೆಸರು ಅನ್ನುತ್ತಿದ್ದ ಮಾಮ. ಅಲ್ಲ, ಅವಳ ನಾಲಿಗೆ ನೋಡಿ ಇಟ್ಟ ಹೆಸರು ಅನ್ನುತ್ತಿದ್ದಳು ಅಮ್ಮ.

ಮಾಮ ಹಳೇ ಯಂತ್ರಗಳ ಪುಟ್ಟ ಮಾಡೆಲ್ ಮಾಡುತ್ತಿದ್ದ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು, ಆಮೇಲೆ ಪ್ರಿಂಟ್ ಹಾಕುವುದು. ಇದು ಕಾಗದದ ಮೇಲೆ ಅಕ್ಷರ ಒತ್ತುವ ಪ್ರಿಂಟರ್ ಅಲ್ಲ. ಒಂದು ತಟ್ಟೆಯಲ್ಲಿ ಅಂಟಂಟು ಬೂದು ದ್ರವ. ಕೆಳಗಿನ ಸ್ಕ್ರೀನಿನಿಂದ ಬೆಳಕು ಬಿದ್ದಲ್ಲೆಲ್ಲ ಅದು ಗಟ್ಟಿಯಾಗಿ, ಪದರದ ಮೇಲೆ ಪದರ ಕೂತು, ಕೊನೆಗೆ ವಸ್ತು ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಾ ಮೇಲೆ ಬರುತ್ತಿತ್ತು.

ಜೋತುಬಿದ್ದು ಹಾಳಾಗದಿರಲಿ ಅಂತ ಮಾಮ ಅದಕ್ಕೆ ಅಲ್ಲಲ್ಲಿ ಆಸರೆಯ ಕಡ್ಡಿ ಕೊಡುತ್ತಿದ್ದ. ಅವನ ಬಾಯಲ್ಲಿ ಅವು ಊರುಗೋಲು. ಪ್ರಿಂಟ್ ಆದ ಮೇಲೆ ಊರುಗೋಲುಗಳನ್ನು ಕತ್ತರಿಸಿ ತೆಗೆಯಬೇಕು. ಕಡ್ಡಿ ವಸ್ತುವಿಗೆ ತಾಗುವ ಜಾಗ ಅದರ ಕುತ್ತಿಗೆ.

"ಕುತ್ತಿಗೆ ಸಣ್ಣಗಿದ್ರೆ ಊರುಗೋಲು. ಇಲ್ಲಾಂದ್ರೆ ಕೈ ಹಾಕ್ಬೇಡ. ಒಂದೊಂದರ ಕುತ್ತಿಗೇನೂ ನೋಡ್ಬೇಕು," ಅಂತ ಮಾಮ ನೂರು ಸಲ ಹೇಳಿದ್ದ.

ಇವತ್ತು ಕತ್ರಿ ಕುತ್ತಿಗೆ ನೋಡಿರಲಿಲ್ಲ. ಕಿಟಕಿಯ ಕೆಳಗೆ ಗೆಳತಿಯರು, "ಬರ್ತೀಯೋ, ಟೀಮಿಗೆ ಬೇರೆಯವರನ್ನ ಹಾಕ್ಕೊಳ್ಳೋಣ್ವೋ?" ಅಂತ ಕೂಗುತ್ತಿದ್ದರು. ಟಕ್ ಟಕ್ ಟಕ್ ಅಂತ ಕತ್ತರಿಸಿ ಮುಗಿಸಿದ್ದಳು.

ಅದು ಹಿಂದಿನ ಕಾಲದಲ್ಲಿ ಕಾಡಿನಿಂದ ಮರದ ದಿಮ್ಮಿ ಎಳೆಯುತ್ತಿದ್ದ ಹಬೆ ಯಂತ್ರ. ಹಂಡೆಯ ಹಾಗೆ ನಿಂತ ಬಾಯ್ಲರ್, ಉದ್ದ ಚಿಮಣಿ, ಉಕ್ಕಿನ ಹಗ್ಗ ಸುತ್ತಿಕೊಳ್ಳುವ ದೊಡ್ಡ ಉರುಳೆ. ಉರುಳೆಯ ಮುಂದೆ, ಹತ್ತಿರ ನಿಂತವರ ಕಾವಲಿಗೆ, ಕಂಬಿಗಳ ಜಾಲರಿ ಇತ್ತು. ಈಗ ಇಲ್ಲ; ಊರುಗೋಲುಗಳ ಜೊತೆ ಅದನ್ನೂ ಕತ್ತರಿಸಿಬಿಟ್ಟಿದ್ದಳು.

ನಾಳೆ ಬೆಳಿಗ್ಗೆ ಮ್ಯೂಸಿಯಮ್ಮಿನವರು ಬಂದು ಇದನ್ನು ತೆಗೆದುಕೊಂಡು ಹೋಗುವವರಿದ್ದರು.

ಕತ್ರಿ ಕಡ್ಡಿಗಳನ್ನೆಲ್ಲ ಬಳಿದು ಕಸದ ಡಬ್ಬಕ್ಕೆ ಹಾಕಿದಳು. ಬುಡಕ್ಕೇ ಕತ್ತರಿಸಿದ್ದರಿಂದ ಗುರುತೂ ಉಳಿದಿರಲಿಲ್ಲ. ಅಷ್ಟು ನುಣ್ಣಗೆ ಕತ್ತರಿಸುವುದನ್ನು ಕಲಿಸಿದವನು ಮಾಮನೇ.

ಮಾಮ ಟೀ ಲೋಟ ಹಿಡಿದು ಒಳಗೆ ಬಂದ. ಬಂದವನು ಬಗ್ಗಿ ನೋಡಿದ.

"ಜಾಲರಿ ಎಲ್ಲೇ?"

"ನಂಗೇನು ಗೊತ್ತು? ಪ್ರಿಂಟ್ ಆಗಿ ಬರುವಾಗ್ಲೇ ಹಾಗಿತ್ತು," ಅಂದಳು ಕತ್ರಿ. ಮಾತು ತಾನಾಗಿಯೇ ಬಂದುಬಿಟ್ಟಿತ್ತು.

ಮಾಮ ಲೋಟ ಕೆಳಗಿಟ್ಟ. ಮಾಡೆಲ್ಲನ್ನು ತಿರುಗಿಸಿ, ದೀಪಕ್ಕೆ ಹಿಡಿದು, ಮತ್ತೆ ತಿರುಗಿಸಿದ. "ಹಾಗಾದ್ರೆ ಅಲ್ಲಿಗೆ ಬೆಳಕೇ ಬಿದ್ದಿಲ್ಲ. ಸ್ಕ್ರೀನ್ ಹೋಗಿದೆ," ಅಂದ. ಮುಖ ಸಪ್ಪೆಯಾಯಿತು. "ಎಷ್ಟು ತಿಂಗಳ ಕೆಲಸ! ಸ್ಕ್ರೀನ್ ಕೆಟ್ಟಿದ್ರೆ ಇನ್ನೊಂದ್ಸಲ ಹಾಕಿದ್ರೂ ಹೀಗೇ ಬರೋದು. ಬಿಚ್ಚಿ ನೋಡ್ತೀನಿ. ಸರಿಹೋಗ್ಲಿಲ್ಲಾಂದ್ರೆ ಅವರಿಗೆ ಫೋನ್ ಮಾಡಿ, ನನ್ನ ಕೈಲಾಗಲ್ಲ, ಬೇರೆಯವರ ಹತ್ರ ಮಾಡಿಸ್ಕೊಳ್ಳಿ ಅಂತೀನಿ."

ಸ್ಕ್ರೂಡ್ರೈವರ್ ಹುಡುಕುತ್ತಾ, "ಇದನ್ನ ಆಚೆ ಇಡು ಹೋಗು. ನೋಡಿದ್ರೆ ಹೊಟ್ಟೆ ಉರಿಯುತ್ತೆ," ಅಂದ.

ಕತ್ರಿ ಮಾಡೆಲ್ಲನ್ನು ಎತ್ತಿಕೊಂಡು ಹಾಲ್‌ಗೆ ಬಂದಳು. ಅಲ್ಲಿ ಅಜ್ಜ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಅಜ್ಜ ಮಾಮನಿಗೂ ಅಮ್ಮನಿಗೂ ಅಪ್ಪ. ಪ್ರಾಯದಲ್ಲಿ ಇದೇ ಥರದ ಯಂತ್ರದ ಮೇಲೆ ದುಡಿದವನು. ಆದರೆ ಮಾಮ ಈ ಮಾಡೆಲ್ ಶುರು ಮಾಡಿದಾಗಿನಿಂದ ಅವನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಏನು ಕೇಳಿದರೂ, "ಫೋಟೋ ಇದೆಯಲ್ಲಪ್ಪ, ನೋಡ್ಕೊ," ಅಷ್ಟೇ.

ಕತ್ರಿ ಮಾಡೆಲ್ಲನ್ನು ಅವನೆದುರಿನ ಮೇಜಿನ ಮೇಲಿಟ್ಟಳು. ಅಜ್ಜನ ಸೂಜಿ ನಿಂತಿತು.

ಜಾಲರಿ ಎಲ್ಲಿ ಅಂತ ಅವನು ಕೇಳಲಿಲ್ಲ.

"ಜಾಲರಿ ತೆಗೆದವರು ಯಾರು?" ಅಂದ.

"ನಾನಲ್ಲ."

"ಅವತ್ತೂ ಎಲ್ಲರೂ ಹಾಗೇ ಅಂದ್ರು," ಅಂದ ಅಜ್ಜ.

ಕತ್ರಿ ಅವನ ಪಕ್ಕ ಕೂತಳು. "ಯಾವತ್ತು ಅಜ್ಜ?"

ಅಜ್ಜ ಸೂಜಿಯಿಂದ ದಾರ ಎಳೆದು ಬೆರಳಿಗೆ ಸುತ್ತಿಕೊಂಡ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ.

"ನಮ್ಮಲ್ಲೊಬ್ಬ ಇದ್ದ. ಸಿಳ್ಳೆ ಅಂತ ಕರೀತಿದ್ವಿ. ಬೆಳಗಿಂದ ಸಂಜೆ ತನಕ ಸಿಳ್ಳೆ ಹಾಕ್ತಾನೇ ಇರೋನು. ಯಂತ್ರದ ಸಿಳ್ಳೆ ಯಾವುದು, ಇವನದು ಯಾವುದು ಅಂತ ಯಾರಿಗೂ ಗೊತ್ತಾಗದೆ ಬೈಸ್ಕೊಳ್ಳೋನು." ಅಜ್ಜನ ತುಟಿ ಒಂದಿಷ್ಟು ನಕ್ಕಿತು. "ಉರುಳೆ ಪಕ್ಕ ನಿಂತು ಹಗ್ಗ ಸರಿಯಾಗಿ ಸುತ್ತೋ ಹಾಗೆ ನೋಡ್ಕೊಳ್ಳೋದು ಅವನ ಕೆಲಸ. ಅವತ್ತು ಹಗ್ಗ ಮೇಲಿಂದ ಮೇಲೆ ಸಿಕ್ಕಾಕ್ಕೊಳ್ತಿತ್ತು. ಜಾಲರಿ ಇದ್ರೆ ಕೈ ಹೋಗಲ್ಲ. ಅದಕ್ಕೆ ಅದನ್ನ ತೆಗೆದು ಪಕ್ಕಕ್ಕಿಟ್ರು. ಐದು ನಿಮಿಷಕ್ಕೆ ಅಂತ. ಆಮೇಲೆ ಕೆಲಸದ ಗಡಿಬಿಡೀಲಿ ವಾಪಸ್ ಹಾಕ್ಲಿಲ್ಲ."

"ಆಮೇಲೆ?"

"ದಿಮ್ಮಿ ಒಂದು ಬೊಡ್ಡೆಗೆ ಸಿಕ್ಕಾಕ್ಕೊಳ್ತು. ಯಂತ್ರ ಎಳೀತು. ಹಗ್ಗ ಕಡೀತು. ಕಡಿದ ಹಗ್ಗ ಹಾವಿನ ಥರ ವಾಪಸ್ ಬಂತು."

"ಆಮೇಲೆ, ಅಜ್ಜ?"

"ಆಮೇಲೇನಿಲ್ಲ. ಸಿಳ್ಳೆ ನಿಂತುಹೋಯ್ತು."

ಒಳಗೆ ಮಾಮನ ಕೋಣೆಯಲ್ಲಿ ಸ್ಕ್ರೂ ಒಂದು ನೆಲಕ್ಕೆ ಬಿದ್ದು ಉರುಳಿತು.

"ದೊಡ್ಡ ಸಾಹೇಬ್ರು ಬಂದು, ಜಾಲರಿ ತೆಗೆದವರು ಯಾರು ಅಂತ ಕೇಳಿದ್ರು. ನಾನಲ್ಲ, ನಾನಲ್ಲ, ನಾನಲ್ಲ. ಸಾಲಾಗಿ ನಿಂತು ಎಲ್ಲರೂ ಅದೇ ಮಾತು. ಕೊನೆಗೆ ಜಾಲರಿ ತೆಗೆದಿದ್ದು ಅವನೇ, ತಪ್ಪು ಅವನದೇ ಅಂತಾಯ್ತು. ಸತ್ತವನು ಎದ್ದು ಬಂದು ನಾನಲ್ಲ ಅಂತಾನಾ?"

ಅಜ್ಜ ಸೂಜಿಗೆ ಮತ್ತೆ ದಾರ ಪೋಣಿಸಲು ಹೋದ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ.

ಕತ್ರಿ ಕೋಣೆಯ ಬಾಗಿಲಿಗೆ ಬಂದಳು. ಮಾಮ ನೆಲದ ಮೇಲೆ ಕೂತಿದ್ದ. ಮುಚ್ಚಳ, ತಟ್ಟೆ, ತಂತಿಗಳನ್ನೆಲ್ಲ ಹೊರಗೆ ಹಾಕಿಕೊಂಡು ಪ್ರಿಂಟರ್ ಅವನ ಮುಂದೆ ಬಿದ್ದಿತ್ತು. ಪಾಪದ್ದು, ಅದಕ್ಕೆ ಬಾಯಿಲ್ಲ.

"ಸ್ಕ್ರೀನ್ ಸರಿಯಾಗೇ ಇದೆಯಲ್ಲೇ," ಅಂದ ಮಾಮ, ತಲೆ ಎತ್ತದೆ. "ಮತ್ತೆ ಎಲ್ಲಿ ಹೋಯ್ತು ಜಾಲರಿ? ನನ್ನ ಡ್ರಾಯಿಂಗೇ ತಪ್ಪೇನೋ. ಫೋನ್ ಕೊಡು ಇಲ್ಲಿ."

ಅವಳು ಫೋನ್ ಕೊಡಲಿಲ್ಲ. ಕಸದ ಡಬ್ಬ ತಂದು ಅವನ ಮುಂದಿಟ್ಟಳು.

"ಡ್ರಾಯಿಂಗ್ ಅಲ್ಲ ಮಾಮ. ಪ್ರಿಂಟರೂ ಅಲ್ಲ. ನಾನು."

ಮಾಮ ಡಬ್ಬದಿಂದ ಒಂದು ಕಡ್ಡಿ ಎತ್ತಿ ನೋಡಿದ.

"ಕುತ್ತಿಗೆ ನೋಡಿದ್ಯಾ?"

"ಇಲ್ಲ."

"ಯಾಕೆ?"

"ಆಟಕ್ಕೆ ಕರೀತಿದ್ರು."

"ಸರಿ. ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

ಕತ್ರಿ ಕೆಳಗೆ ಬಿದ್ದಿದ್ದ ಸ್ಕ್ರೂ ಹೆಕ್ಕಿ ಅವನ ಮುಂದಿಟ್ಟಳು. ಮಾಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟರ್ ತೆಗೆದು ಅವಳಿಗೆ ಎಟುಕದ ಶೆಲ್ಫಿನ ಮೇಲಿಟ್ಟ. "ಸದ್ಯಕ್ಕೆ ಇದು ಅಲ್ಲೇ ಇರ್ಲಿ," ಅಂದ. ಆಮೇಲೆ ಪ್ರಿಂಟರ್ ಜೋಡಿಸಲು ಕೂತ. "ಜಾಲರಿ ಒಂದನ್ನೇ ಬೇರೆ ಹಾಕ್ತೀನಿ. ಅಂಟಿಸಿದ ಗೆರೆ ಕಾಣುತ್ತೆ. ಕಂಡ್ರೆ ಕಾಣ್ಲಿ, ಏನ್ಮಾಡೋದು."

ಕತ್ರಿ ಆಟಕ್ಕೆ ಹೋಗಲಿಲ್ಲ. ಕೆಳಗೆ ಕೂಗಾಟ ಜೋರಾಗಿ, ಕಡಿಮೆಯಾಗಿ, ನಿಂತೇಹೋಯಿತು.

ಹೊಸ ಜಾಲರಿ ಬಂದಾಗ ಸಂಜೆ. ಮಾಮ ಅದನ್ನು ತೊಳೆದು, ಒಣಗಿಸಿ, ಊರುಗೋಲುಗಳನ್ನು ತಾನೇ ಕತ್ತರಿಸಿ, ಹಾಲ್‌ಗೆ ತಂದು ಅವಳ ಅಂಗೈ ಮೇಲಿಟ್ಟ. "ಬೀಳಿಸ್ಬೇಡ. ಅಂಟು ತರ್ತೀನಿ," ಅಂದು ಒಳಗೆ ಹೋದ.

"ಗರಿ ಇದ್ದ ಹಾಗಿದೆ ಅಜ್ಜ. ಇಟ್ಟಿದ್ದೇ ಗೊತ್ತಾಗಲ್ಲ," ಅಂದಳು ಕತ್ರಿ.

ಅಜ್ಜ ಅವಳ ಅಂಗೈಯನ್ನೇ ನೋಡುತ್ತಿದ್ದ.

"ನಿಜವಾದ್ದು ಭಾರ ಇತ್ತು ಕಣೇ," ಅಂದ. "ಒಬ್ಬನಿಂದ ಎತ್ತೋಕಾಗ್ತಿರ್ಲಿಲ್ಲ. ಇಬ್ಬರು ಬೇಕಿತ್ತು."

ಕತ್ರಿ ಅಜ್ಜನ ಮುಖ ನೋಡಿದಳು. ಆ ಇಬ್ಬರಲ್ಲಿ ಒಬ್ಬ ಯಾರು ಅಂತ ಅವಳು ಕೇಳಬೇಕಾಗಿರಲಿಲ್ಲ.

ಮಾಮ ಬಂದು ಜಾಲರಿಯ ಎರಡು ತುದಿಗೂ ಒಂದೊಂದು ಹನಿ ಅಂಟು ಮುಟ್ಟಿಸಿದ. "ಹಿಡಿಯುವ ತನಕ ಅಲ್ಲಾಡಬಾರದು," ಅಂದ.

ಕತ್ರಿ ಒಂದು ತುದಿಗೆ ಬೆರಳಿಟ್ಟಳು.

"ಅಜ್ಜ, ಆ ಕಡೆ ನೀನು ಹಿಡ್ಕೊ."

ಅಜ್ಜ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟ. ಅವನ ಬೆರಳು ಮುಂದೆ ಬಂದು, ಉರುಳೆಯ ಹತ್ತಿರ ಒಂದು ಗಳಿಗೆ ನಿಂತು, ಇನ್ನೊಂದು ತುದಿಯನ್ನು ಹಿಡಿಯಿತು.

"ಸಾಕು, ಹಿಡ್ಕೊಂಡಿದೆ," ಅಂದ ಮಾಮ ಸ್ವಲ್ಪ ಹೊತ್ತಾದ ಮೇಲೆ.

ಇಬ್ಬರೂ ಕೈ ತೆಗೆಯಲಿಲ್ಲ.